ಉದ್ರಿ ತೀರಿಸಿದ ಹುಡುಗ: ನಮ್ಮ ಕಾಲೇಜಿನ ಒಂದು ಪ್ರಕರಣ

ಕಾಲೇಜ್ ಗೇಟಿನ ಎದುರಿಗೆ ಚಾದಂಗಡಿ ಇಟ್ಕೊಂಡಿರೋ ಕಾಕಾನ ಹತ್ರ ಒಂದು ಉದ್ರಿ ಬುಕ್ಕ ಅದ, ನೀಲಿ ರಟ್ಟಿಂದು, ಹಾಳಿ ಎಣ್ಣಿ ಕುಡ್ದು ಕುಡ್ದು ಆ ಕಡಿ ಬರ್ದಿದ್ದು ಈ ಕಡಿ ಕಾಣ್ತದ. ಅದರಾಗ ಈ ಹುಡುಗನ ಹೆಸರಿನ ಮುಂದ 340 ರೂಪಾಯಿ ಇತ್ತು. 2025ರ ನವೆಂಬರ್ 3, ಸೋಮವಾರ ಮುಂಜಾನೆ ಬಂದು ಪೂರಾ 340 ಕೊಟ್ಟು, ಕಣ್ಣೆದುರಿಗೇ ಗೆರಿ ಹೊಡಸ್ಕೊಂಡು ಹೋಗ್ಯಾನ. ಗುರುವಾರ ಸಂಜಿಗೆ ನಾ ಚಾ ಕುಡಿಲಿಕ್ಕೆ ಹೋದಾಗ ಕಾಕಾನೇ ಮಾತು ತಗದ್ರು, "ನಿಮ್ಮ ಹುಡುಗ ಸುಧಾರಿಸ್ಯಾನ ನೋಡ್ರಿ ಮೇಡಂ, ಕೇಳೋಕಿಂತ ಮೊದ್ಲೇ ಬಂದು ಎಲ್ಲಾ ಚುಕ್ತಾ ಮಾಡಿ ಹೋದ."

ಆ ಮಾತು ಒಂದೇ ಕೇಳಿದ್ರ ನಾನೂ ಖುಷಿ ಪಡ್ತಿದ್ದೆ ಅನ್ಸ್ತದ. ಆದ್ರ ಒಂದು ತಾಸಿನ ಹಿಂದ ಅವನ ರೂಮ್‌ಮೇಟ್ ಸ್ಟಾಫ್ ರೂಮಿಗೆ ಬಂದು ಹೋಗಿದ್ದ, ಅವ ಹೇಳಿದ್ದು ತಲ್ಯಾಗ ಇನ್ನಾ ಬಿಸಿ ಇತ್ತು, ಅದಕ್ಕ ಗ್ಲಾಸು ಅರ್ಧಕ್ಕ ಇಟ್ಟು ಎದ್ದೆ.

ಮುಂದ ಹೋಗೋಕಿಂತ ಮೊದ್ಲು ಒಂದು ಮಾತು. ಹುಡುಗನ ಹೆಸರು, ಊರು, ಹಾಸ್ಟೆಲ್ ಯಾವುದು ಅನ್ನೋದು ಇಲ್ಲಿ ಇಲ್ಲ, ಗುರುತು ಹತ್ತೋ ಒಂದೆರಡು ಸಂಗತಿ ಬೇಕಂತಲೇ ಬದಲು ಮಾಡೀನಿ. ಬರ್ದಿದ್ದು ಅವಂಗ ತೋರ್ಸೀನಿ. "ಬರೀರಿ ಮೇಡಂ, ಆದ್ರ ನನ್ನ ಪಾಪ ಅನ್ನಂಗ ಬರೀಬ್ಯಾಡ್ರಿ" ಅಂದ. ಪ್ರಯತ್ನ ಮಾಡ್ತೀನಿ.

ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನ್ಯಾಗ ಕೆಮಿಸ್ಟ್ರಿ ಗೆಸ್ಟ್ ಲೆಕ್ಚರರ್. ಗೆಸ್ಟ್ ಅಂದ್ರ ಗೊತ್ತೇ ಅದ, ಮುಂದಿನ ವರ್ಷ ಇರ್ತೀವೋ ಇಲ್ಲೋ, ಪಗಾರ ಯಾವಾಗೋ, ಆದ್ರ 32 ಹುಡುಗರಿಗೆ ಮೆಂಟರ್ ಅಂತ ಹೆಸರು ಹಾಕ್ಯಾರ. ಮೆಂಟರ್ ಬುಕ್ಕ ಅನ್ನೋದು ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಟೀಮ್ ಬರೋ ಹಿಂದಿನ ವಾರ ಒಂದೇ ಪೆನ್ನಿನ್ಯಾಗ ಮೂರು ವರ್ಷದ್ದು ತುಂಬೋ ಬುಕ್ಕ, ಇದನ್ನ ಬರೀಲಿಕ್ಕೆ ನನಗ ನಾಚಿಕಿ ಅದ, ಆದ್ರ ಸುಳ್ಳಲ್ಲ. ಈ ಹುಡುಗನ ಪೇಜಿನ್ಯಾಗ ಜೂನ್‌ದಿಂದ ನಾ ಬರ್ದಿದ್ದು ಎರಡೇ ಸಾಲು, "ಗುಡ್. ರೆಗ್ಯುಲರ್."

ಹುಡುಗ ಬಿಎಸ್ಸಿ ಸೆಕೆಂಡ್ ಇಯರ್, ಭೀಮಾ ದಂಡಿ ಮ್ಯಾಲಿನ ಊರವ. ಅಪ್ಪಂದು ನಾಕು ಎಕರೆ ಸ್ವಂತದ್ದು, ಮೂರು ಎಕರೆ ಲಾವಣಿಗೆ, ತೊಗರಿ ಮತ್ತ ಹತ್ತಿ. ಅಣ್ಣ ಪುಣಾದಾಗ ಸೆಂಟ್ರಿಂಗ್ ಕೆಲಸ. ಸೆಪ್ಟೆಂಬರ್ ಕೊನಿಗೆ ಮಹಾರಾಷ್ಟ್ರದಾಗ ಮಳಿ ಹೊಡ್ದು ಉಜನಿ ಡ್ಯಾಮಿನಿಂದ ನೀರು ಬಿಟ್ಟಾಗ ಭೀಮಾ ಹೆಂಗ ತುಂಬಿ ಬಂತು ಅನ್ನೋದು ಜೇವರ್ಗಿ, ಅಫಜಲಪುರ, ಚಿತ್ತಾಪುರ ಕಡಿಯವರಿಗೆ ಹೇಳೋದೇ ಬ್ಯಾಡ. ಇವರ ತೊಗರಿ ಒಂದು ವಾರ ನೀರಾಗ ನಿಂತಿತ್ತು. ನೀರು ಇಳಿದ ಮ್ಯಾಲ ಗಿಡ ನಿಂತಿದ್ವು ಖರೆ, ನಿಂತಲ್ಲೇ ಒಣಗಿದ್ವು.

ಈಗ ಯಾರು ಯಾರು ಏನೇನು ನೋಡಿದ್ರು ಅನ್ನೋದು. ಇದರಾಗ ಹೆಚ್ಚಿಂದು ನನಗ ಆಮ್ಯಾಲ, ಒಬ್ಬೊಬ್ಬರನ್ನೇ ಕೇಳ್ತಾ ಹೋದಾಗ ಗೊತ್ತಾಗಿದ್ದು.

ಹಾಸ್ಟೆಲ್ ಅಡಗಿ ಮನಿ ಅಕ್ಕ ದಸರಾ ಸೂಟಿ ಮುಗ್ಸಿ ಬಂದಾಗಿಂದ ನೋಡ್ಯಾಳ, ಮೊದ್ಲು ನಾಕು ರೊಟ್ಟಿ ತಿಂದು ಮ್ಯಾಲ ಅನ್ನ ಕೇಳ್ತಿದ್ದವ ಈಗ ಒಂದು ರೊಟ್ಟಿ ಮುರ್ದು ಮುರ್ದು ತಾಟಿನ ಅಂಚಿಗಿ ಇಟ್ಟು ಏಳ್ತಾನ. ಲೈಬ್ರರಿಯವರು ನೋಡ್ಯಾರ, ಯಾವತ್ತೂ ಫೈನ್ ಕಟ್ಟಿನೇ ಬುಕ್ಕ ಕೊಡೋ ಹುಡುಗ ಮೂರಕ್ಕ ಮೂರೂ ತಾರೀಖು ಇರ್ಲಿಕ್ಕನೇ ವಾಪಸ್ ಮಾಡ್ಯಾನ, "ಮತ್ತ ಬ್ಯಾರೆ ತಗೊಳ್ಳಪ್ಪ" ಅಂದ್ರ "ಬ್ಯಾಡ್ರಿ ಸರ್" ಅಂದಾನ. ಫಸ್ಟ್ ಇಯರ್ ಹುಡುಗ ಒಬ್ಬಂಗ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸುಮ್ನೆ ಕೊಟ್ಟಾನ, ಅದೂ ಕವರ್ ಸಮೇತ. ರೂಮ್‌ಮೇಟ್‌ಗೆ ಗೊತ್ತು ಇವ ರಾತ್ರಿಯೆಲ್ಲಾ ಗ್ವಾಡಿ ಕಡಿ ಮಕಾ ಮಾಡಿ ಮಲಗ್ತಾನ ಆದ್ರ ನಿದ್ದಿ ಮಾಡಲ್ಲ, ಫೋನ್ ದಿನದಾಗ ಅರ್ಧ ಹೊತ್ತು ಸ್ವಿಚ್ ಆಫ್. ಚಾದಂಗಡಿ ಕಾಕಾಂದು ಹೇಳ್ದೆ. ಆಫೀಸಿನ ಕಂಪ್ಯೂಟರಿಗೂ ಗೊತ್ತಿತ್ತು ನೋಡ್ರಿ, ಅಟೆಂಡೆನ್ಸ್ 58 ಪರ್ಸೆಂಟ್.

ಮತ್ತ ನಾನು. ಅಕ್ಟೋಬರ್ ಮೂರನೇ ವಾರ, ದೀಪಾವಳಿಗಿಂತ ಮುಂಚಿನ ಪ್ರಾಕ್ಟಿಕಲ್, ಆಸಿಡ್ ಬೇಸ್ ಟೈಟ್ರೇಶನ್. ಆ ಬ್ಯಾಚಿನ್ಯಾಗ ಎಂಡ್ ಪಾಯಿಂಟ್ ಹಿಡಿಯೋದ್ರಾಗ ಇವನ ಕೈಗಿಂತ ನಾಜೂಕು ಕೈ ಇಲ್ಲ, ಒಂದೇ ಹನಿಗಿ ಬಣ್ಣ ತಿರುಗಿ ತಿಳಿ ಗುಲಾಬಿ ನಿಲ್ಲೋದು ನೋಡ್ಲಿಕ್ಕೆ ಬಾಜೂ ಟೇಬಲ್ಲಿನವರು ಬರ್ತಿದ್ರು. ಅವತ್ತು ಬ್ಯುರೆಟ್ ನಳ ಪೂರಾ ಬಿಟ್ಟಾನ, ಫ್ಲಾಸ್ಕಿನ್ಯಾಗಿಂದು ಗಾಢ ಗುಲಾಬಿ ಆಗಿ ಜಾಂಬಳಿ ಕಡಿ ಹೊಂಟಾದ, ಬ್ಯುರೆಟ್ ಖಾಲಿ ಆಗ್ಲಿಕ್ಕೆ ಬಂದಾದ, ಇವ ಅದನ್ನೇ ನೋಡ್ಕೋತ ನಿಂತಾನ, ಕೈ ನಳದ ಮ್ಯಾಲೇ ಅದ. ನಾ ಏನ್ ಮಾಡ್ದೆ? "ಎಲ್ಲದಪ್ಪಾ ಧ್ಯಾನ, ಯಾವ ಹುಡುಗಿ?" ಅಂತ ಎಲ್ಲರ ಮುಂದ ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ರೀಡಿಂಗ್ ಕಾಲಮ್ಮಿನ್ಯಾಗ ಏನೂ ಬರೀದೆ ರೆಕಾರ್ಡ್ ಇಟ್ಟು ಹೋದ.

ಅಂದ್ರ ಏಳು ಕಡಿ ಏಳು ತುಂಡು ಇದ್ವು. ಒಂದೊಂದೂ ಭಾಳ ಸಣ್ಣದು, ಯಾರಿಗಾದ್ರೂ ಹೋಗಿ ಹೇಳಿದ್ರ "ಇಷ್ಟಕ್ಕ ಯಾಕ ಗಾಬ್ರಿ ಆಗ್ತೀರಿ" ಅನ್ನುವಂಥವು. ಅದರಾಗ ಮೂರು ಅಂತೂ, ಬುಕ್ಕ ವಾಪಸ್, ಕ್ಯಾಲ್ಕುಲೇಟರ್ ದಾನ, ಉದ್ರಿ ಚುಕ್ತಾ, ನೋಡಿದವರ ಕಣ್ಣಿಗೆ ಒಳ್ಳೆ ಸುದ್ದಿನೇ. ತನ್ನ ಲೆಕ್ಕ ಎಲ್ಲಾ ಮುಗಿಸ್ಲತ್ತಾನ, ಪ್ರೀತಿಯ ಸಾಮಾನು ಹಂಚ್ಲತ್ತಾನ ಅಂದ್ರ ಮಾನಸಿಕ ಆರೋಗ್ಯದವರು ಅದನ್ನ ಎಚ್ಚರಿಕಿ ಲಕ್ಷಣ ಅಂತ ಎಣಿಸ್ತಾರ, ಆದ್ರ ನಮ್ಮ ಕಡಿ ಸಾಲ ತೀರ್ಸಿದವನಿಗೆ ಶಹಬ್ಬಾಸ್ ಅಂತೀವಿ.

ಕಾಲೇಜು ಕೂಡಾ ಸುಮ್ಕ ಕೂತಿರ್ಲಿಲ್ಲ, ಅದೇ ದುರ್ದೈವ. 58 ಪರ್ಸೆಂಟ್ ಅನ್ನೋದು 75ಕ್ಕಿಂತ ಕಡಿಮಿ ಆಗಿದ್ದಕ್ಕ ಆಫೀಸಿಂದ ಅವರ ಮನಿಗಿ ಶಾರ್ಟೇಜ್ ನೋಟೀಸ್ ಹೋಯ್ತು, ಪರೀಕ್ಷೆಗೆ ಕೂಡ್ಸಲ್ಲ ಅನ್ನೋ ಅಚ್ಚು ಹಾಕಿದ ಸಾಲಿನ ಜೋಡಿ. ಅದನ್ನ ಊರಾಗ ಯಾರೋ ಅಪ್ಪಂಗ ಓದಿ ಹೇಳ್ಯಾರ. ಅಪ್ಪ ಫೋನ್ ಹಚ್ಚಿ, "ಹೊಲ ನೀರಾಗ ಹೋತು, ನಿನ್ನ ಸಾಲಿನೂ ನೀರಾಗ ಹೋತು, ಬಂದು ಎತ್ತು ಕಾಯಿ" ಅಂದಾರ. ಇದು ಅಕ್ಟೋಬರ್ 30. ಹುಡುಗ ತರಗತಿಗೆ ಬರ್ಲತ್ತಿಲ್ಲ ಅನ್ನೋ ಅದೇ ಸಂಗತಿ, ಕೇಳೋ ಮನುಷ್ಯನ ಕೈಗೆ ಹೋಗಿದ್ರ "ಯಾಕಪ್ಪಾ" ಅನ್ನೋ ಮಾತಾಗ್ತಿತ್ತು, ಮಷಿನ್ ಕೈಗೆ ಹೋಗಿ ನೋಟೀಸ್ ಆಯ್ತು.

ನವೆಂಬರ್ 6, ಗುರುವಾರ, ಮಧ್ಯಾಹ್ನ ನಾಕರ ಸುಮಾರಿಗೆ ರೂಮ್‌ಮೇಟ್ ಬಂದ. ಸ್ಟಾಫ್ ರೂಮಿನ ಬಾಗ್ಲಾಗ ಹತ್ತು ನಿಮಿಷ ನಿಂತು, ಉಳಿದವರೆಲ್ಲಾ ಹೋದ ಮ್ಯಾಲ ಒಳಗ ಬಂದು ಅಂದಿದ್ದು ಮೊದಲ್ನೇ ಮಾತು, "ಮೇಡಂ, ಇದು ಕಂಪ್ಲೇಂಟ್ ಅಲ್ರಿ."

ಈ ಮಾತಿನ ಮ್ಯಾಲ ನಾ ಭಾಳ ದಿನ ವಿಚಾರ ಮಾಡೀನಿ. ನಮ್ಮ ಕಾಲೇಜುಗಳಾಗ ಒಬ್ಬರ ಬಗ್ಗೆ ಇನ್ನೊಬ್ಬರು ಮ್ಯಾಲಿನವರಿಗೆ ಹೇಳೋದಕ್ಕ ಇರೋ ಶಬ್ದ ಎರಡೇ, ಕಂಪ್ಲೇಂಟ್ ಇಲ್ಲಾ ಚಾಡಿ. ಒಬ್ಬ ಹುಡುಗ ತನ್ನ ದೋಸ್ತನ ಬಗ್ಗೆ ಹೆದರಿಕಿ ಆಗಿ ಬಂದಾನ ಅಂದ್ರ ಅದಕ್ಕ ಹೆಸರೇ ಇಲ್ಲ. ಹೆಸರಿಲ್ಲದಕ್ಕ ಬಾಗ್ಲಾಗ ಹತ್ತು ನಿಮಿಷ ನಿಂತ.

ಅವ ಹೇಳಿದ್ದಿಷ್ಟು. ಎರಡು ದಿನದ ಹಿಂದ ರಾತ್ರಿ ಇವ "ನಾ ಇದ್ರ ಬಿ ಅಷ್ಟೇ, ಇಲ್ದಿದ್ರ ಬಿ ಅಷ್ಟೇ, ಅಪ್ಪಂಗ ಒಂದು ಖರ್ಚು ಉಳೀತದ" ಅಂದಾನ. ರೂಮ್‌ಮೇಟ್ ನಗಾಡಿ ಬಿಟ್ಟಾನ. ಇವತ್ತು ಮುಂಜಾನೆ ತನ್ನ ಹೊಸ ಶರ್ಟು ಇವನ ಮಂಚದ ಮ್ಯಾಲ ಇಟ್ಟು, "ನಿಂಗ ಬರೋಬ್ಬರಿ ಆಗ್ತದ ಇಟ್ಕೋ" ಅಂದಾನ. ಅದಕ್ಕ ಬಂದೀನಿ ಅಂದ. "ನಾ ಹೇಳ್ದೆ ಅಂತ ಹೇಳ್ಬ್ಯಾಡ್ರಿ ಮೇಡಂ." ನಾ ಆಯ್ತು ಅಂದೆ. ಆ ಆಯ್ತು ಅಂದಿದ್ದು ತಪ್ಪು, ಅದು ಮುಂದ ಬರ್ತದ.

ಅವ ಹೋದ ಕೂಡ್ಲೇ ಹೆಚ್‌ಒಡಿ ಕಾರಿಡಾರಿನ್ಯಾಗ ಸಿಕ್ರು. ನಡ್ಕೋತನೇ ಹೇಳ್ದೆ. "ಲವ್ ಮ್ಯಾಟರ್ ಇರ್ಬೇಕು ಬಿಡ್ರಿ, ಈ ವಯಸ್ಸಿನ್ಯಾಗ ಕಾಮನ್" ಅಂದ್ರು, ಸೋಮವಾರ ಕರ್ದು ಮಾತಾಡೋಣ ಅಂದ್ರು. ಪ್ರಿನ್ಸಿಪಾಲ್ ಅವರಿಗೆ ವಾಟ್ಸಾಪ್ ಹಾಕ್ದೆ, "ಸರ್, ಒಬ್ಬ ಸ್ಟೂಡೆಂಟ್ ಬಗ್ಗೆ ಸ್ವಲ್ಪ ಮಾತಾಡ್ಬೇಕಿತ್ತು, ಟೈಮ್ ಸಿಕ್ಕಾಗ." ಹೆಬ್ಬೆಟ್ಟಿನ ಗುರುತು ಬಂತು. ಅವರ ತಪ್ಪಲ್ಲ ಅದು, ನಾನೇ ಅಷ್ಟು ಸಪ್ಪಗ ಬರ್ದೀನಿ, ಓದಿದವರು ಪ್ರಾಜೆಕ್ಟ್ ಗೈಡ್ ಬದಲು ಮಾಡೋ ವಿಷಯ ಇರ್ಬೇಕು ಅಂದ್ಕೋಬೇಕು. ದೊಡ್ಡವರಿಗೆ ತೊಂದ್ರಿ ಕೊಡಬಾರ್ದು, ಗೆಸ್ಟ್ ಆಗಿ ಜಾಸ್ತಿ ಮಾತಾಡಬಾರ್ದು, ನಾಳಿ ಏನೂ ಇಲ್ಲ ಅಂತಾದ್ರ ನಗೆಪಾಟ್ಲು ಆಗ್ತದ, ಇವೆಲ್ಲಾ ಆ ಒಂದು ಸಾಲಿನ್ಯಾಗ ಕೂತಿದ್ವು. ಆಮ್ಯಾಲ ಚಾ ಕುಡಿಲಿಕ್ಕೆ ಹೋದೆ. ಕಾಕಾ ಉದ್ರಿ ಕಥಿ ಹೇಳಿದ್ರು.

ಸೋಮವಾರ ಅಂದ್ರ ಎಷ್ಟು ದೂರ ಅಂತ ಅವಾಗ ಹೊಳೀತು. ಶನಿವಾರ ಕನಕ ಜಯಂತಿ ಸೂಟಿ, ಮರುದಿನ ಭಾನುವಾರ. ಶುಕ್ರವಾರ ಸಂಜಿಗೇ ಹಾಸ್ಟೆಲ್ ಅರ್ಧ ಖಾಲಿ ಆಗ್ತದ, ರೂಮ್‌ಮೇಟ್ ಸಹ ಊರಿಗೆ ಹೊಂಟಿದ್ದ.

ಹಾಸ್ಟೆಲ್ ಕಾಲೇಜಿಂದ ನಡ್ಕೊಂಡು ಹೋಗೋ ಅಷ್ಟು ಹತ್ರ. ವಾರ್ಡನ್ ಸರ್‌ಗೆ ಹೇಳಿ ಹುಡುಗನ್ನ ಹೊರಗ ಕರ್ಸಿದೆ, ಗೇಟಿನ ಬಾಜೂ ಬೇವಿನ ಕಟ್ಟಿ ಮ್ಯಾಲ ಕೂತ್ವಿ. ವಾರ್ಡನ್ "ಮೊಬೈಲ್ ಚಟ ರೀ ಮೇಡಂ ಇವಂದು, ಬೈರಿ ಸ್ವಲ್ಪ" ಅಂತ ಹೇಳಿ ಹೋದ್ರು. ಹೆಂಗ ಶುರು ಮಾಡ್ಬೇಕು ತಿಳಿಲಿಲ್ಲ. ಮೊದ್ಲು ಟೈಟ್ರೇಶನ್ ದಿನ ಅಂದಿದ್ದಕ್ಕ ತಪ್ಪಾತು ಅಂದೆ. ಅವ ತಲಿ ಎತ್ತಿ ನೋಡ್ದ, ಅಷ್ಟೇ. ರೊಟ್ಟಿ ಬಿಡ್ಲತ್ತಾನ, ನಿದ್ದಿ ಇಲ್ಲ, ಉದ್ರಿ ತೀರ್ಸ್ಯಾನ, ಶರ್ಟು ಕೊಟ್ಟಾನ ಅನ್ನೋದೆಲ್ಲಾ ನಾ ನೋಡಿದ್ದು ಕೇಳಿದ್ದು ಒಂದೊಂದೇ ಹೇಳಿ, ಆಮ್ಯಾಲ ಸೀದಾ ಕೇಳ್ದೆ, "ತಮ್ಮಾ, ಸಾಯ್ಬೇಕು ಅನ್ನೋ ವಿಚಾರ ಬಂದಾದೇನು?"

ಹಿಂಗ ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ತುಂಬಿದಂಗ ಆಗ್ತದ ಅಂತ ಭಾಳ ಮಂದಿ ತಿಳ್ಕೊಂಡಾರ, ನಾನೂ ಹಂಗೇ ತಿಳ್ಕೊಂಡಿದ್ದೆ. ಹಂಗ ಆಗಲ್ಲ. ಬಾಯಿ ಬಿಟ್ಟು ಕೇಳೋದ್ರಿಂದ ಆ ಮನುಷ್ಯಗ ಭಾರ ಇಳಿಸ್ಲಿಕ್ಕೆ ಒಂದು ಜಾಗ ಸಿಗ್ತದ, ಇದನ್ನ ಡಾಕ್ಟರ್‌ಗಳು ಮತ್ತ ಮತ್ತ ಹೇಳ್ತಾರ. ಅವ ಸ್ವಲ್ಪ ಹೊತ್ತು ಚಪ್ಪಲಿ ಉಂಗುಟದ ದಾರ ಕಿತ್ಕೋತ ಕೂತ. ಆಮ್ಯಾಲ "ಬಂದಾದ್ರಿ" ಅಂದ. ಎಷ್ಟು ದಿನದಿಂದ ಅಂದೆ. ಇಪ್ಪತ್ತು ದಿನ ಅಂದ. ಹೆಂಗ, ಯಾವಾಗ ಅಂತ ಗಟ್ಟಿ ಮಾಡೀಯೇನು ಅಂದೆ. ತಲಿ ಅಲ್ಲಾಡಿಸ್ದ, ಸೂಟಿಗೆ ಊರಿಗೆ ಹೋದಾಗ ಅಂದ. ಅದರ ಮುಂದಿನ ಮಾತು ನಾ ಬರಿಯಲ್ಲ.

"ಯಾರಿಗೂ ಹೇಳ್ಬ್ಯಾಡ್ರಿ ಮೇಡಂ" ಅಂದ ಅವನೂ. ಈ ಸಲ ಆಯ್ತು ಅನ್ನಲಿಲ್ಲ. "ಇದನ್ನ ನಾ ಒಬ್ಬಾಕಿ ಹೊರ್ಲಿಕ್ಕೆ ಆಗಲ್ಲಪ್ಪಾ, ಹೇಳೇ ಹೇಳ್ತೀನಿ, ಆದ್ರ ಯಾರಿಗೆ ಹೇಳ್ಬೇಕು ಅನ್ನೋದು ಇಬ್ಬರೂ ಕೂಡಿ ವಿಚಾರ ಮಾಡೋಣು" ಅಂದೆ. ಅಪ್ಪಂಗ ಬ್ಯಾಡ ಅಂದ, ಅವ್ವ ಗಾಬ್ರಿ ಆಗ್ತಾಳ ಅಂದ, ಶಹಾಬಾದ್‌ದಾಗ ಇರೋ ಸೋದರಮಾವ ಆದ್ರ ನಡೀತದ ಅಂದ. ಅಲ್ಲೇ ಕಟ್ಟಿ ಮ್ಯಾಲಿಂದನೇ 14416ಕ್ಕ ಫೋನ್ ಹಚ್ದೆ. ಟೆಲಿ ಮಾನಸ್, ಮನಸ್ಸಿನ ತೊಂದ್ರಿಗೆ ಸಹಾಯ ಮಾಡ್ಲಿಕ್ಕೆ 2022ರ ಅಕ್ಟೋಬರ್ 10ಕ್ಕ ಶುರುವಾದ ಸರ್ಕಾರಿ ನಂಬರ್, ದುಡ್ಡು ಹತ್ತಲ್ಲ, ಇಪ್ಪತ್ನಾಕು ತಾಸೂ ಇರ್ತದ, ಕನ್ನಡದಾಗೂ ಮಾತಾಡಬಹುದು. ಸ್ಪೀಕರ್ ಹಾಕಿ ಮೊದ್ಲು ನಾ ಎರಡು ಮಾತಾಡಿ ಅವನ ಕೈಗೆ ಕೊಟ್ಟು ಹತ್ತು ಹೆಜ್ಜಿ ದೂರ ಹೋಗಿ ನಿಂತೆ. ಹದಿನೆಂಟು ನಿಮಿಷ ಮಾತಾಡ್ಯಾನ. ಆ ಕಡಿಯವರು ಮತ್ತ ನನ್ನ ಕರ್ಸಿ ಹೇಳಿದ್ದು, ಇವತ್ತು ರಾತ್ರಿ ಒಬ್ಬನ್ನೇ ಬಿಡಬ್ಯಾಡ್ರಿ, ನಾಳಿ ಮುಂಜಾನೆ ಸೈಕಿಯಾಟ್ರಿ ಓಪಿಡಿಗೆ ಕರ್ಕೊಂಡು ಹೋಗ್ರಿ, ನಡಕ್ಕ ಏನಾದ್ರೂ ಹೆಚ್ಚು ಕಡಿಮಿ ಅನಿಸಿದ್ರ 112 ಇಲ್ಲಾ 108.

ಅವನನ್ನ ಅಡಗಿ ಅಕ್ಕನ ಹತ್ರ ಕೂಡ್ಸಿ, ಹಾಸ್ಟೆಲ್ ಆಫೀಸಿನ ಮೇಜಿನ ಮ್ಯಾಲ ಒಂದು ಎ4 ಹಾಳಿ ತಗೊಂಡು ಬರ್ದೆ. ಸಂಜಿಗಿ ಹಾಕಿದ್ದ ವಾಟ್ಸಾಪ್ ನೆನಪಿತ್ತು, ಅದಕ್ಕ ಈ ಸಲ ನನ್ನ ಅಭಿಪ್ರಾಯ ಒಂದೂ ಬರೀಬಾರ್ದು ಅಂತ ಠರಾಯಿಸ್ದೆ. ಡಿಪ್ರೆಷನ್ ಅನ್ನೋ ಶಬ್ದ ಬರೀಲಿಲ್ಲ, ಅದು ಡಾಕ್ಟರ್ ಹೇಳೋ ಮಾತು. ನಾನು ಕಣ್ಣಾರೆ ನೋಡಿದ್ದು ಇಂಥಾ ದಿನ ಇಂಥಾದ್ದು ಅಂತ ಒಂದು ಕಡಿ, ಬ್ಯಾರೆಯವರು ನನಗ ಹೇಳಿದ್ದು ಇನ್ನೊಂದು ಕಡಿ, ಹುಡುಗ ತಾನೇ ಅಂದ ಮಾತು ಅವನ ಶಬ್ದದಾಗೇ. ಆಮ್ಯಾಲ ಈಗ ಎಲ್ಲಿ ಅದಾನ, ಬಾಜೂ ಯಾರಿದ್ದಾರ, 14416ದವರು ಏನಂದ್ರು. ಕೊನಿಗೆ, "ಇವತ್ತು ರಾತ್ರಿ ಒಂಬತ್ತರ ಒಳಗ ಬೇಕಾದ್ದು: ರಾತ್ರಿ ಜೊತೆಗಿರಲು ಒಬ್ಬರು, ನಾಳೆ ಆಸ್ಪತ್ರೆಗೆ ಹೋಗಲು ಒಂದು ಗಾಡಿ, ಮಾವನಿಗೆ ಕಾಲೇಜಿನಿಂದ ಒಂದು ಫೋನ್." ಫೋಟೋ ತಗದು ಪ್ರಿನ್ಸಿಪಾಲ್, ಹೆಚ್‌ಒಡಿ, ವಾರ್ಡನ್ ಮೂವರಿಗೇ ಕಳ್ಸಿ, ಡಿಪಾರ್ಟ್‌ಮೆಂಟ್ ಗ್ರೂಪಿಗೆ ಅಲ್ಲ, ಮ್ಯಾಲಿಂದ ಫೋನೂ ಹಚ್ದೆ. ಗ್ರೂಪಿಗೆ ಹಾಕಿದ್ರ ಜಲ್ದಿ ಆಗ್ತಿತ್ತು ಅಂತ ಆಮ್ಯಾಲ ಒಬ್ರು ಅಂದ್ರು. ಹೌದು, ಜಲ್ದಿ ಊರೆಲ್ಲಾ ಆಗ್ತಿತ್ತು.

ಪ್ರಿನ್ಸಿಪಾಲ್ ಹದಿನೈದು ನಿಮಿಷದಾಗ ಹಾಸ್ಟೆಲ್‌ಗೆ ಬಂದ್ರು. ಬಂದವರೇ ಅಂದಿದ್ದು, "ಮೇಡಂ, ಪೊಲೀಸ್ ಕೇಸ್ ಆಗ್ತದ ಇದು, ಅವನ ಅಪ್ಪಂಗ ಕರ್ಸಿ ಈಗಿಂದೀಗ ಕರ್ಕೊಂಡು ಹೋಗು ಅಂತ ಹೇಳೋಣ." ಅವರಿಗೆ ಹುಡುಗನ ಮ್ಯಾಲ ಸಿಟ್ಟಿರಲಿಲ್ಲ, ಕಾಲೇಜಿನ ಮ್ಯಾಲ ಹೆದರಿಕಿ ಇತ್ತು. ಎರಡಕ್ಕೂ ಉತ್ತರ ಅದ. ಇಲ್ಲಿ ಕೇಸ್ ಆಗೋವಂಥಾದ್ದು ಏನೂ ಆಗಿಲ್ಲ, ಹುಡುಗ ಬಾಯಿ ಬಿಟ್ಟು ಹೇಳ್ಯಾನ ಅಷ್ಟೇ. ಆತ್ಮಹತ್ಯೆ ಯತ್ನ ಮಾಡಿದವರನ್ನೇ 2017ರ ಮಾನಸಿಕ ಆರೋಗ್ಯ ಕಾಯ್ದಿ 115ನೇ ಕಲಮಿನ್ಯಾಗ ತೀವ್ರ ಒತ್ತಡದಾಗ ಇದ್ದವರು ಅಂತ ನೋಡ್ಬೇಕು, ಶಿಕ್ಷೆ ಕೊಡೋದಲ್ಲ, ಆರೈಕಿ ಕೊಡೋದು ಸರ್ಕಾರದ ಕರ್ತವ್ಯ ಅಂತ ಬರ್ದಾರ. ಆತ್ಮಹತ್ಯೆ ಯತ್ನಕ್ಕ ಶಿಕ್ಷೆ ಅಂತಿದ್ದ, ಎಲ್ಲರೂ ಹೆದರ್ತಿದ್ದ ಐಪಿಸಿ 309 ಅಂತೂ 2024ರ ಜುಲೈ 1ಕ್ಕ ಐಪಿಸಿ ಜಾಗಕ್ಕ ಭಾರತೀಯ ನ್ಯಾಯ ಸಂಹಿತೆ ಬಂದ ಮ್ಯಾಲ ಹಳೇ ರೂಪದಾಗ ಉಳಿದೇ ಇಲ್ಲ. ಇದನ್ನೆಲ್ಲಾ ಅವತ್ತು ರಾತ್ರಿ ನಾ ಇಷ್ಟು ಚಂದ ಹೇಳ್ಲಿಲ್ಲ, ತೊದಲ್ಕೋತ ಹೇಳ್ದೆ, ನಮ್ಮ ಮನಿಯವರು ವಕೀಲರು ಇರೋದ್ರಿಂದ ಒಂದು ಫೋನ್ ಮಾಡಿ ಕೇಳ್ಸಿದೆ.

ಇನ್ನೊಂದು, ಊರಿಗೆ ಕಳಿಸೋದು. ಎಷ್ಟೋ ಕಡಿ ಕಾಲೇಜಿನವರು ಮಾಡೋ ಮೊದಲ ಕೆಲಸ ಇದು, ಮನಿಗಿ ಕಳಿಸಿ ಕೈ ತೊಳ್ಕೊಳ್ಳೋದು. ಮನಿ ಅಂದ್ರ ಸುರಕ್ಷಿತ ಜಾಗ ಅಂತ ಯಾರೂ ಕೇಳದೇ ಒಪ್ಕೊಂಡುಬಿಡ್ತಾರ. ಇವನ ಲೆಕ್ಕದಾಗ ಊರು ಅಂದ್ರ ಏನಿತ್ತು ಅನ್ನೋದು ಆಗ್ಲೇ ಹೇಳಿದ್ದ. "ಸರ್, ಊರಿಗೆ ಮಾತ್ರ ಬ್ಯಾಡ್ರಿ" ಅಂದಾಗ, ಪುಣ್ಯಕ್ಕ, ಅವರು ಹಾಳಿ ಮತ್ತೊಮ್ಮೆ ಓದಿದ್ರು. ಮಾವಂಗ ಅವರೇ ಫೋನ್ ಹಚ್ಚಿದ್ರು.

ರಾತ್ರಿ ಹತ್ತೂವರಿಗೆ ಮಾವ ಶಹಾಬಾದ್‌ದಿಂದ ಬೈಕ್ ಮ್ಯಾಲ ಬಂದ್ರು, ಹಾಸ್ಟೆಲ್‌ದಾಗೇ ಮಲಗಿದ್ರು. ಹುಡುಗನ್ನ ಏನೂ ಕೇಳ್ಲಿಲ್ಲ. "ಊಟ ಆತೇನೋ" ಅಂದು, ಬುತ್ತಿ ಬಿಚ್ಚಿ ಮುಂದ ಇಟ್ರು. ಎರಡು ರೊಟ್ಟಿ ತಿಂದ ಅಂತ ಅಡಗಿ ಅಕ್ಕ ನನಗ ಫೋನ್ ಮಾಡಿ ಹೇಳಿದ್ಳು, ಅದು ಆ ದಿನದ ಕೊನೇ ರಿಪೋರ್ಟ್.

ಶುಕ್ರವಾರ ಸೇಡಂ ರೋಡಿನ ಸರ್ಕಾರಿ ಜಿಮ್ಸ್ ಆಸ್ಪತ್ರಿ. ಚೀಟಿ ಲೈನು, ಗದ್ದಲ, ಎಲ್ಲಾ ಇದ್ದದ್ದೇ. ಡಾಕ್ಟರ್ ಒಬ್ಬನ್ನೇ ಒಳಗ ಕೂಡಿಸ್ಕೊಂಡು ಮುಕ್ಕಾಲು ತಾಸು ಮಾತಾಡಿದ್ರು. ಅಲ್ಲಿ ಹೊರಗ ಬಂದಿದ್ದು ನಮ್ಮಾಗ ಯಾರಿಗೂ ಹೊಳಿದೇ ಇದ್ದ ಸಂಗತಿ. ಸ್ಕಾಲರ್‌ಶಿಪ್ ಬರ್ಲಿಲ್ಲ, ಫೀ ಕಟ್ಟೋ ತಾರೀಖು ಬಂತು, ಹೊಲ ನೀರಾಗ ಇದ್ದಾಗ ಅಪ್ಪಂಗ ಕೇಳೋ ಧೈರ್ಯ ಇಲ್ಲದೆ ಮೊಬೈಲಿನ ಲೋನ್ ಆ್ಯಪಿನ್ಯಾಗ 6,000 ತಗೊಂಡಾನ. ಅದು ಬೆಳ್ದು ಬೆಳ್ದು ಮೂರು ಪಟ್ಟು ಆಗ್ಯಾದ, ದಿನಾ ಮೂವತ್ತು ನಲವತ್ತು ಫೋನ್, ನಿನ್ನ ಕಾಂಟ್ಯಾಕ್ಟಿನ್ಯಾಗ ಇರೋರಿಗೆಲ್ಲಾ ನಿನ್ನ ಫೋಟೋ ಕೆಡಿಸಿ ಕಳಿಸ್ತೀವಿ ಅನ್ನೋ ಬೆದರಿಕಿ. ಸ್ವಿಚ್ ಆಫ್ ಯಾಕಿತ್ತು ಅನ್ನೋದು ಅವಾಗ ತಿಳೀತು.

ಹೆಚ್‌ಒಡಿ ಲವ್ ಅಂದ್ರು, ವಾರ್ಡನ್ ಮೊಬೈಲ್ ಚಟ ಅಂದ್ರು, ನಾನು ಹೊಲದ್ದು ಅಂತ ಗಟ್ಟಿ ನಂಬಿದ್ದೆ. ಮೂರೂ ಸುಳ್ಳು ಇಲ್ಲಾ ಅರ್ಧ ಖರೆ. ಆ ಎ4 ಹಾಳಿಗೆ ನಾ ನನ್ನ ಊಹೆ ಬರ್ದಿದ್ರ ಎಲ್ಲರೂ ಬೆಳೆ ಪರಿಹಾರದ ಮಾತು ಆಡ್ತಾ ಕೂಡ್ತಿದ್ರು. ಕಾರಣ ಗೊತ್ತಾದ ಮ್ಯಾಲೇ ಹೇಳ್ತೀನಿ ಅಂತ ಕಾಯೋರು ನಮ್ಮಾಗ ಭಾಳ ಮಂದಿ ಅದಾರ, ಹೇಳೋರಿಗೆ ಕಾರಣ ಗೊತ್ತಿರೋ ಜರೂರತ್ತೇ ಇಲ್ಲ.

ಮುಂದಿಂದು ಜಲ್ದಿ ಹೇಳ್ತೀನಿ. ಅಣ್ಣ ರಾತ್ರಿ ಟ್ರೇನಿಗೆ ಪುಣಾದಿಂದ ಬಂದ, 1930ಕ್ಕ ಸೈಬರ್ ಕಂಪ್ಲೇಂಟ್ ಆಯ್ತು, ಸ್ಕ್ರೀನ್‌ಶಾಟ್ ಎಲ್ಲಾ ಕೊಟ್ರು, ಆ ಫೋನುಗಳು ಬಂದ್ ಆಗ್ಲಿಕ್ಕೆ ಹತ್ತು ದಿನ ಹಿಡೀತು. ಗುಳಿಗಿ ಶುರು ಆದ್ವು. ಇವು ಕೆಲಸ ಶುರು ಮಾಡ್ಲಿಕ್ಕೆ ಎರಡರಿಂದ ನಾಕು ವಾರ ಬೇಕು, ಮೊದ್ಲಿನ ವಾರಗಳಾಗ ಈ ವಯಸ್ಸಿನವರ ಮ್ಯಾಲ ಜಾಸ್ತಿ ನಿಗಾ ಇರ್ಬೇಕು, ಗುಳಿಗಿ ಮಾವನ ಕೈಯಾಗೇ ಇರ್ಲಿ, ಊರ ಮನ್ಯಾಗ ಹೊಲಕ್ಕ ಹೊಡಿಯೋ ಎಣ್ಣಿ ಡಬ್ಬಿ ಇದ್ರ ಹುಡುಗ ಹೋಗೋಕಿಂತ ಮೊದ್ಲೇ ಹೊರಗ ಸಾಗಿಸ್ರಿ ಅಂತ ಡಾಕ್ಟರ್ ಹೇಳಿದ್ರು. ಮೂರು ವಾರ ಶಹಾಬಾದ್‌ದಾಗೇ ಇದ್ದ.

ಅಪ್ಪಂಗ ಭಾನುವಾರ ಹೇಳಿದ್ವಿ, ಅಂದ್ರ ಮಾವ ಹೋಗಿ ಎದುರಿಗೆ ಕೂತು ಹೇಳಿದ್ರು. ಸೋಮವಾರ ಅವರು ಕಾಲೇಜಿಗೆ ಬಂದ್ರು. ಬಿಳಿ ಅಂಗಿ, ಹೆಗಲ ಮ್ಯಾಲ ಟವಲ್ಲು, ಕೈಯಾಗ ನಾಕು ಮಡಿಕಿ ಮಾಡಿದ ಆ ಶಾರ್ಟೇಜ್ ನೋಟೀಸ್. ಪ್ರಿನ್ಸಿಪಾಲ್ ಮೇಜಿನ ಮ್ಯಾಲ ಅದನ್ನ ಬಿಚ್ಚಿಟ್ಟು, "ಸಾಹೇಬ್ರ, ಇದರಾಗ ಹುಡುಗ ಚಲೋ ಇಲ್ಲ ಅಂತ ಎಲ್ಲಿ ಬರ್ದೀರಿ ತೋರಸ್ರಿ, ನಾ ಓದ್ಲಾರದವ" ಅಂದ್ರು. ಯಾರಿಗೂ ಮಾತು ಬರ್ಲಿಲ್ಲ. ಆಮ್ಯಾಲ ಬಂದೇ ನವಾಜ್ ದರ್ಗಾಕ್ಕ ಕರ್ಕೊಂಡು ಹೋಗ್ಲೇನ್ರಿ, ಗಾಳಿ ಗೀಳಿ ಇದ್ರ ಅಂತ ನನ್ನ ಕೇಳಿದ್ರು. ಒಬ್ಬ ಸರ್ ನಕ್ಕರು. ನಾ ಹೋಗಿ ಬರ್ರಿ ಅಂದೆ, ಶರಣಬಸವೇಶ್ವರ ಗುಡಿಗೂ ಹೋಗಿ ಬರ್ರಿ, ಗುಳಿಗಿ ಒಂದು ತಪ್ಪಿಸಬ್ಯಾಡ್ರಿ ಅಂದೆ. ಅವರು ಎರಡೂ ಮಾಡಿದ್ರು.

ನಮ್ಮ ಕಾಲೇಜಿನ್ಯಾಗ ಕೌನ್ಸೆಲಿಂಗ್ ಸೆಲ್ ಅಂತ ಬೋರ್ಡ್ ಇರೋ ರೂಮ್ ಅದ. ಅದರಾಗ ಎನ್‌ಎಸ್‌ಎಸ್ ಬ್ಯಾನರ್, ಮುರಿದ ಕೇರಂ ಬೋರ್ಡ್, ಹಳೇ ಉತ್ತರ ಪತ್ರಿಕಿ. 2025ರ ಜುಲೈ 25ಕ್ಕ ಸುಪ್ರೀಂ ಕೋರ್ಟ್ ಆದೇಶ ಬಂದಾದ, ನೂರು ಇಲ್ಲಾ ಅದಕ್ಕಿಂತ ಜಾಸ್ತಿ ಮಕ್ಕಳಿರೋ ಶಿಕ್ಷಣ ಸಂಸ್ಥೆ ತರಬೇತಿ ಪಡೆದ ಒಬ್ಬ ಕೌನ್ಸೆಲರ್ ಆದ್ರೂ ಇಡಬೇಕು, ಸಿಬ್ಬಂದಿಗೆ ವರ್ಷಕ್ಕ ಎರಡು ಸಲ ತರಬೇತಿ, ಟೆಲಿ ಮಾನಸ್‌ದಂಥ ನಂಬರುಗಳು ಹಾಸ್ಟೆಲ್, ತರಗತಿಗಳಾಗ ದೊಡ್ಡ ಅಕ್ಷರದಾಗ ಹಾಕಬೇಕು ಅಂತ. ನಮ್ಮಲ್ಲಿ ಕೌನ್ಸೆಲರ್ ಇನ್ನೂ ಬಂದಿಲ್ಲ. ನಂಬರ್ ಬಂದಾದ, ನಾನೇ ಪ್ರಿಂಟ್ ಹಾಕ್ಸಿ ಮೆಸ್ಸಿನ್ಯಾಗ, ಲೈಬ್ರರಿ ಕೌಂಟರಿನ್ಯಾಗ, ಚಾದಂಗಡಿ ಸಕ್ಕರಿ ಡಬ್ಬಿ ಮ್ಯಾಲ ಸಹ ಹಚ್ಚೀನಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಾಗ ದೇಶದಾಗ ಶುರು ಆಗಿದ್ದು ಬೆಂಗಳೂರಿನ ನಿಮ್ಹಾನ್ಸ್‌ನವರು 1980ರ ದಶಕದಾಗ ನಮ್ಮ ಭಾಗದ ಬಳ್ಳಾರಿ ಜಿಲ್ಲಾದಾಗ ಮಾಡಿ ತೋರ್ಸಿದ ಮಾದರಿ ಮ್ಯಾಲ, ಮಾದರಿ ನಮ್ಮ ಸೀಮಿದು, ಬೀಗ ಹಾಕಿದ ರೂಮೂ ನಮ್ಮದೇ.

ಬದಲಾಗಿದ್ದು ಒಂದು ಖರೆ ಅದ. ಶಾರ್ಟೇಜ್ ನೋಟೀಸ್ ಈಗ ಸೀದಾ ಮನಿಗಿ ಹೋಗಲ್ಲ, ಮೊದ್ಲು ಮೆಂಟರ್ ಹತ್ರ ಬರ್ತದ, ಮೆಂಟರ್ ಹುಡುಗನ್ನ ನೋಡಿ ಸಹಿ ಮಾಡಿದ ಮ್ಯಾಲೇ ಪೋಸ್ಟಿಗೆ. ಅಡಗಿ ಅಕ್ಕ, ಲೈಬ್ರರಿಯವರು, ಲ್ಯಾಬ್ ಅಟೆಂಡರ್ ಯಾರಿಗೆ ಹೇಳ್ಬೇಕು ಅನ್ನೋದಕ್ಕ ಒಬ್ಬರ ಹೆಸರು ಅದ, ನಂದಲ್ಲ, ಪರ್ಮನೆಂಟ್ ಇರೋ ಬಾಟನಿ ಮೇಡಂದು. ಗೆಸ್ಟ್ ಹೆಸರು ಹಾಕಿದ್ರ ಮುಂದಿನ ಜೂನ್‌ದಾಗ ಆ ಹೆಸರೇ ಇರಲ್ಲ, ನಾನೇ ಬ್ಯಾಡ ಅಂದೆ.

ಕೆಟ್ಟಿದ್ದೂ ಹೇಳ್ಬೇಕು. ರೂಮ್‌ಮೇಟ್. ನಾ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ, ಆದ್ರ ಶರ್ಟಿನ ಸಂಗತಿ ನಾ ಬಾಯಿ ಬಿಟ್ಟ ಕೂಡ್ಲೇ ಹುಡುಗಗ ತಿಳಿದೇ ತಿಳೀತು, ಶರ್ಟು ಮಂಚದ ಮ್ಯಾಲ ಇಟ್ಟಿದ್ದು ಗೊತ್ತಿದ್ದವ ಒಬ್ಬನೇ. ಮೊದ್ಲ ಎರಡು ವಾರ ಅವನ ಫೋನ್ ಎತ್ಲಿಲ್ಲ. ಈ ಕಡಿ ನಾವು ಎಲ್ಲರೂ ಆಸ್ಪತ್ರಿ, ಅಪ್ಪ, ಅಟೆಂಡೆನ್ಸ್ ಅಂತ ಓಡಾಡ್ಲತ್ತಿದ್ವಿ, ಅದೇ ರೂಮಿನ್ಯಾಗ ಒಬ್ಬನೇ ಮಲಗ್ತಿದ್ದ ಆ ಹುಡುಗನ್ನ ಹೆಂಗದೀಯಪ್ಪಾ ಅಂತ ಯಾರೂ ಕೇಳ್ಲಿಲ್ಲ, ಮೂರು ವಾರ. ಇಂಟರ್ನಲ್ಸ್‌ನ್ಯಾಗ ಅವನ ಮಾರ್ಕ್ಸ್ ಬಿದ್ದಾಗ ನಾ ಕರ್ಸಿದೆ. "ನಾ ಚಾಡಿ ಹೇಳ್ದಂಗ ಆತಲ್ರಿ ಮೇಡಂ" ಅಂದ, ಅತ್ತ. ಅವಂಗೂ ಅದೇ ನಂಬರ್ ಕೊಟ್ಟೆ. ಮೊದಲ್ನೇ ದಿನವೇ "ನಿನ್ನ ಹೆಸರು ಹೇಳದೇ ಇರ್ಲಿಕ್ಕೆ ಪ್ರಯತ್ನ ಮಾಡ್ತೀನಿ, ಮಾತು ಕೊಡ್ಲಿಕ್ಕೆ ಆಗಲ್ಲ" ಅಂದಿದ್ರ ಅವ ಅಷ್ಟು ಒಡೀತಿರ್ಲಿಲ್ಲ ಅನ್ಸ್ತದ.

ಡಿಸೆಂಬರ್ 1ಕ್ಕ ಹುಡುಗ ವಾಪಸ್ ಬಂದ. ಅಟೆಂಡೆನ್ಸ್‌ಗೆ ಮೆಡಿಕಲ್ ಸರ್ಟಿಫಿಕೇಟ್ ಮ್ಯಾಲ ವಿನಾಯ್ತಿ ಸಿಕ್ತು, ಸರ್ಟಿಫಿಕೇಟಿನ್ಯಾಗ ಏನು ಕಾಯಿಲಿ ಅನ್ನೋದು ಆಫೀಸಿನವರು ಓದಬಾರ್ದು ಅಂತ ಲಕೋಟಿ ಅಂಟ್ಸಿ ಪ್ರಿನ್ಸಿಪಾಲ್ ಕೈಗೇ ಕೊಟ್ವಿ. ಒಂದು ಪೇಪರ್ ಉಳ್ಸ್ಕೊಂಡಾನ. ಎಳ್ಳ ಅಮಾಸಿಗೆ ಊರಿಗೆ ಹೋಗಿ ಬಂದ, ಅಣ್ಣ ಜೋಡಿ ಇದ್ದ, ಬರೋವಾಗ ರೂಮ್‌ಮೇಟ್‌ಗೆ ಸಜ್ಜಿ ರೊಟ್ಟಿ, ಭಜ್ಜಿ ಕಟ್ಕೊಂಡು ಬಂದಾನ, ಶರ್ಟು ವಾಪಸ್ ಇಸ್ಕೊಂಡಾನ. ಕ್ಯಾಲ್ಕುಲೇಟರ್ ವಾಪಸ್ ಕೇಳ್ಲಿಕ್ಕೆ ನಾಚಿಕಿ ಅಂತ.

ಸಂಕ್ರಾಂತಿ ಆಗಿ ಒಂದು ವಾರಕ್ಕ ಚಾದಂಗಡಿಗೆ ಹೋಗಿದ್ದೆ. ಕಾಕಾ ಮಕಾ ಗಂಟು ಹಾಕ್ಕೊಂಡು ಬುಕ್ಕ ತಿರುವಿ ತೋರ್ಸಿದ್ರು, ಗೆರಿ ಹೊಡ್ದಿದ್ದ ಹೆಸರಿನ ಕೆಳಗ ಹೊಸದಾಗಿ ಅದೇ ಹೆಸರು, ಮುಂದ 70 ರೂಪಾಯಿ.

"ಮತ್ತ ಉದ್ರಿ ಶುರು ಮಾಡ್ಯಾನ್ರಿ ಮೇಡಂ ನಿಮ್ಮ ಹುಡುಗ."

ಇನ್ನೊಂದು ಚಾ ಹಾಕ್ರಿ ಕಾಕಾ ಅಂದೆ.